ಹೊಟ್ಟೆ ಪರೀಕ್ಷೆಯ ಮುನ್ನಾದಿನದ ಲೆಕ್ಕ

ಈ ವಾರ ಕಕ್ಕಸಿನ ಮಾತು. ಮಕ್ಕಳು ಕಿಸಕ್ಕನೆ ನಕ್ಕರೆ ನನ್ನ ಅಭ್ಯಂತರವಿಲ್ಲ, ನಕ್ಕು ಮುಗಿಸಿ ಆಮೇಲೆ ಓದಿ. ತಾತ ಅಜ್ಜಿಯರು ಮಾತ್ರ ಪುಟ ತಿರುಗಿಸಬೇಡಿ, ವಿಷಯ ನಿಮ್ಮದೇ.

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರೊಳಗೆ ಏನಾಗಿದೆ ಎಂದು ನೋಡಲು ವೈದ್ಯರು ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಬಾಗುವ ಕೊಳವೆಯೊಂದನ್ನು ಗುದದ್ವಾರದ ಮೂಲಕ ಒಳಗೆ ಕಳಿಸುತ್ತಾರೆ. ಇದೇ ಕೊಲೊನೋಸ್ಕೋಪಿ. ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಪಾಲಿಪ್ ಎಂಬ ಸಣ್ಣ ಗಂಟು ಬೆಳೆಯುತ್ತದೆ. ಎಲ್ಲವೂ ಅಪಾಯದ್ದಲ್ಲ, ಆದರೆ ಕೆಲವು ವರ್ಷಗಟ್ಟಲೆ ಸುಮ್ಮನಿದ್ದು ಕ್ಯಾನ್ಸರ್ ಆಗಿಬಿಡುತ್ತವೆ. 1969ರಲ್ಲಿ ನ್ಯೂಯಾರ್ಕಿನ ಶಿನ್ಯಾ ಮತ್ತು ವುಲ್ಫ್ ಎಂಬ ವೈದ್ಯರು ಹೊಟ್ಟೆ ಕೊಯ್ಯದೆ, ಈ ಕೊಳವೆಯೊಳಗಿಂದಲೇ ತಂತಿಯ ಕುಣಿಕೆ ಹಾಕಿ ಪಾಲಿಪ್ ಕತ್ತರಿಸಿ ತೆಗೆದರು. ಅಲ್ಲಿಂದ ಮುಂದೆ ಇದು ಬರೀ ನೋಡುವ ಕೊಳವೆಯಾಗಿ ಉಳಿಯಲಿಲ್ಲ.

ಆದರೆ ಗಂಟು ಕಣ್ಣಿಗೆ ಬಿದ್ದರೆ ತಾನೆ ತೆಗೆಯುವುದು? ಕರುಳಿನಲ್ಲಿ ಮಲ ಉಳಿದಿದ್ದರೆ ಮಸಿ ಹಿಡಿದ ಲಾಂದ್ರದ ಗಾಜಿನಲ್ಲಿ ನೋಡಿದ ಹಾಗೆ. ಅದಕ್ಕಾಗಿ ಪರೀಕ್ಷೆಗೆ ಮುಂಚೆ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ ಲೀಟರುಗಟ್ಟಲೆ ಕುಡಿಸುತ್ತಾರೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಈ ಪುಡಿ ಮೈಗೆ ಹತ್ತುವುದಿಲ್ಲ. ತನ್ನ ಜೊತೆ ನೀರನ್ನೂ ಹಿಡಿದಿಟ್ಟುಕೊಂಡು ಕರುಳನ್ನು ತೊಳೆಯುತ್ತಾ ಹೊರಗೆ ಬಂದುಬಿಡುತ್ತದೆ. ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ತೊಳೆದದ್ದು ಎಷ್ಟು ಚೊಕ್ಕಟವಾಯಿತು ಎಂಬುದಕ್ಕೂ ಅಂಕ ಉಂಟು ಮಕ್ಕಳೇ! ಬಾಸ್ಟನ್ ಅಳತೆಗೋಲು ಎಂದು ಅದರ ಹೆಸರು, 2009ರಲ್ಲಿ ಪ್ರಕಟವಾದದ್ದು. ಕರುಳನ್ನು ಬಲ, ನಡು, ಎಡ ಎಂದು ಮೂರು ಭಾಗ ಮಾಡಿ ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು 9. ತೇರ್ಗಡೆಗೆ 6 ಬೇಕು, ಅಷ್ಟೇ ಸಾಲದು, ಪ್ರತಿ ಭಾಗದಲ್ಲೂ ಕನಿಷ್ಠ 2 ಇರಬೇಕು. ಎಡಕ್ಕೆ 3, ನಡುವಿಗೆ 3, ಬಲಕ್ಕೆ ಸೊನ್ನೆ ಬಂದರೆ ಮೊತ್ತ ಆರೇ ಆದರೂ ಫೇಲು. ನಿಮ್ಮ ಶಾಲೆಯಲ್ಲಿ ಕನ್ನಡದಲ್ಲಿ ನೂರಕ್ಕೆ ನೂರು ತೆಗೆದವನು ಗಣಿತದಲ್ಲಿ ಕೈಕೊಟ್ಟರೆ ಆಗುವುದೂ ಇದೇ.

ಫೇಲಾದರೆ ಪರೀಕ್ಷೆ ಮತ್ತೊಮ್ಮೆ. ಮತ್ತೆ ಉಪವಾಸ, ಮತ್ತೆ ಅದೇ ನೀರು, ಮತ್ತೆ ಖರ್ಚು. ಫೇಲಾಗುವವರು ಯಾರು ಎಂದು ಮೊದಲೇ ತಿಳಿಯಬಹುದೇ? ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಾಲದ ಅರ್ಜಿ ಬಂದಾಗ ಆದಾಯ, ಹಳೆಯ ಬಾಕಿ, ಹಿಂದಿನ ಕಂತು ತಪ್ಪಿದ್ದುಂಟೇ ಎಂದೆಲ್ಲ ನೋಡುತ್ತಿದ್ದೆವು. ವೈದ್ಯರೂ ಹಾಗೆಯೇ ಲೆಕ್ಕ ಹಾಕಿ ನೋಡಿದ್ದಾರೆ. ಇಟಲಿಯಲ್ಲಿ 2,800ಕ್ಕೂ ಹೆಚ್ಚು ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರ ಕರುಳು ಸರಿಯಾಗಿ ತೊಳೆದಿರಲಿಲ್ಲ. ವಯಸ್ಸು, ಮಧುಮೇಹ, ಪಾರ್ಕಿನ್ಸನ್ ಕಾಯಿಲೆ ಮುಂತಾದವನ್ನು ಸೇರಿಸಿ ಸೂತ್ರ ಮಾಡಿದರು. ಚೊಕ್ಕಟವಾದವರೊಬ್ಬರು, ಆಗದವರೊಬ್ಬರು ಎದುರಿಗಿದ್ದರೆ ಯಾರು ಯಾರೆಂದು ಹೇಳಲು ನಾಣ್ಯ ಚಿಮ್ಮಿದರೆ ನೂರರಲ್ಲಿ 50 ಸಲ ಸರಿಯಾಗುತ್ತದೆ. ಆ ಸೂತ್ರಕ್ಕೆ ಸುಮಾರು 63 ಸಲ. ಅಷ್ಟೇನೂ ಹೆಚ್ಚಲ್ಲ.

2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಲೆಕ್ಕ ಇದಕ್ಕಿಂತ ವಾಸಿ, ಸುಮಾರು 77. ಅವರು ನೋಡಿದ್ದು ಬಹುತೇಕ ನಾವೇ ಬಾಯಿಬಿಟ್ಟು ಹೇಳಬಹುದಾದ ಸಂಗತಿಗಳನ್ನು. ಬಹುಕಾಲದ ಮಲಬದ್ಧತೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯೇ, ಅಫೀಮಿನ ಜಾತಿಯ ನೋವಿನ ಮಾತ್ರೆ ಅಥವಾ ಖಿನ್ನತೆಗೆ ಕೊಡುವ ಕೆಲವು ಹಳೆಯ ಬಗೆಯ ಮಾತ್ರೆ ನುಂಗುತ್ತಿದ್ದೀರಾ, ಹಿಂದಿನ ಸಲ ಕರುಳು ಸರಿಯಾಗಿ ತೊಳೆದಿರಲಿಲ್ಲವೇ, ಆಸ್ಪತ್ರೆಯಲ್ಲೇ ಮಲಗಿರುವವರೇ, ಒಟ್ಟಾರೆ ದೇಹಸ್ಥಿತಿ ಹೇಗಿದೆ. ಇವುಗಳಲ್ಲಿ ಹೆಚ್ಚಿನವು ಕರುಳಿನ ಚಲನೆಯನ್ನೇ ನಿಧಾನ ಮಾಡುವಂಥವು.

ತೊಡಕು ಇರುವುದು ಇಲ್ಲೇ. ನಮ್ಮ ಬೆಳಗಿನ ವಾಕಿಂಗ್ ಗುಂಪಿನ ಹಿರಿಯರೊಬ್ಬರಿಗೆ ವೈದ್ಯರು, "ದಿನಾ ಹೊರಕಡೆಗೆ ಸರಿಯಾಗಿ ಆಗುತ್ತದೆಯೇ?" ಎಂದು ಕೇಳಿದರಂತೆ. ಪಕ್ಕದಲ್ಲಿ ಸೊಸೆ ಕೂತಿದ್ದಳು. "ಎಲ್ಲ ಸರಿಯಾಗಿದೆ" ಎಂದುಬಿಟ್ಟರು. ಇಪ್ಪತ್ತು ವರ್ಷದಿಂದ ಮೂರು ದಿನಕ್ಕೊಮ್ಮೆ, ಅದೂ ಇಸಬ್ಗೋಲ್ ಕೃಪೆಯಿಂದ! ಪರೀಕ್ಷೆ ಅರ್ಧ ದಾರಿಗೇ ನಿಂತಿತು. ಎರಡನೆಯ ಸಲ ನಿಜ ಹೇಳಿದರು. ವೈದ್ಯರು ಕೆಲವು ದಿನ ಮೊದಲೇ ಬೇರೆ ಔಷಧಿ ಶುರುಮಾಡಿ, ಪುಡಿಯ ನೀರನ್ನೂ ಹೆಚ್ಚಿಸಿದರು. ಆಗ ಸಿಕ್ಕ ಪಾಲಿಪ್ ಎರಡು. ಮೊದಲ ಸಲವೂ ಅವು ಅಲ್ಲೇ ಇದ್ದವಲ್ಲ! ಮೊದಲೇ ತಿಳಿದಿದ್ದರೆ ಯಾರೂ ಪರೀಕ್ಷೆ ನಿರಾಕರಿಸುವುದಿಲ್ಲ, ತಯಾರಿಯನ್ನು ಬದಲಿಸುತ್ತಾರೆ. ಬ್ಯಾಂಕಿನಲ್ಲೂ ಆದಾಯ ಕಡಿಮೆಯಿದ್ದವರಿಗೆ ಕಂತನ್ನು ಬೇರೆ ರೀತಿ ಕಟ್ಟಿಕೊಡುತ್ತಿದ್ದೆವು.

ಮೊಮ್ಮಕ್ಕಳಿಗೂ ಕೆಲಸವಿದೆ. ಪುಡಿಯ ನೀರನ್ನು ಈಗ ಎರಡು ಪಾಲು ಮಾಡಿ ಕೊಡುವುದು ಹೆಚ್ಚು. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಪಿತ್ತರಸ ಜಾರಿ ಬಂದು ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ, ಅದನ್ನು ತೊಳೆಯಲು ಈ ಎರಡನೆಯ ಪಾಲು. ಬೆಳಗಿನ ಪರೀಕ್ಷೆಯಾದರೆ ನಸುಕಿನ ನಾಲ್ಕಕ್ಕೇ ಏಳಬೇಕು. ಅಲಾರಾಂ ಇಟ್ಟು ತಾತನನ್ನು ಎಬ್ಬಿಸುವುದು, ಲೋಟ ಎಣಿಸಿ ಚೀಟಿಯಲ್ಲಿ ಗೀಟು ಹಾಕುವುದು ನಿಮ್ಮ ಪಾಲು. ಅಜ್ಜಿ ಅರ್ಧ ಲೋಟವನ್ನು ಬಚ್ಚಲಿಗೆ ಸುರಿಯುತ್ತಾರೋ ಎಂದೂ ನೋಡಿಕೊಳ್ಳಿ. ವೈದ್ಯರು ಹೇಳಿದ ಹೊತ್ತಿಗೆ ಕುಡಿಯುವುದನ್ನು ನಿಲ್ಲಿಸಬೇಕು, ಸಾಮಾನ್ಯವಾಗಿ ಪರೀಕ್ಷೆಗೆ ಎರಡು ಗಂಟೆ ಇರುವಾಗ.

ಊಟದ ವಿಷಯ ಅಡುಗೆಮನೆಯವರಿಗೆ. ಒಂದೆರಡು ದಿನ ಮೊದಲೇ ಸೊಪ್ಪು, ರಾಗಿ ಮುದ್ದೆ, ಕಾಳು, ಸೀಬೆಹಣ್ಣು, ಬೀಜವಿರುವ ತರಕಾರಿ ಬೇಡ. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ ಸಾಕು. ಮುದ್ದೆಯಿಲ್ಲದೆ ಊಟವೇ ಅಲ್ಲ ಎನ್ನುವವರಿಗೆ ಈ ಎರಡು ದಿನ ಕಷ್ಟವೇ. ಆಮೇಲೆ ಬೇಳೆಯಿಲ್ಲದ ತಿಳಿಸಾರು, ಹಾಲಿಲ್ಲದ ಚಹಾ, ಎಳನೀರು. ಮೂತ್ರಪಿಂಡದ ತೊಂದರೆ ಇದ್ದವರು ಎಳನೀರಿಗೂ ಮುನ್ನ ಕೇಳಬೇಕು. ಕೆಂಪು ಬಣ್ಣದ ಶರಬತ್ತು ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುವುದರಿಂದ ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ನೀವಾಗಿಯೇ ತೀರ್ಮಾನಿಸಬೇಡಿ, ಪಟ್ಟಿ ಬರೆದುಕೊಂಡು ಹೋಗಿ ಕೇಳಿ.

ಕೊನೆಯ ಲಕ್ಷಣ ಪರೀಕ್ಷೆಯ ದಿನ ಬೆಳಿಗ್ಗೆ ಕಾಣುತ್ತದೆ. ಹೊರಗೆ ಹೋಗುವುದು ತಿಳಿ ಹಳದಿ ನೀರಿನಂತಿದ್ದರೆ ಕೆಲಸ ಆಗಿದೆ. ಇನ್ನೂ ಕಂದು, ಕದಡಿದ ಹಾಗಿದ್ದರೆ ಮೇಜಿನ ಮೇಲೆ ಮಲಗುವ ಮುಂಚೆ ನರ್ಸಿಗೆ ಹೇಳಿ. ಇನ್ನೊಂದಿಷ್ಟು ನೀರು ಕುಡಿಸುವುದೋ, ಎನಿಮಾ ಕೊಡುವುದೋ, ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ತಳ್ಳುವುದೋ ಎಂದು ಆಗ ಅವರು ನೋಡಿಕೊಳ್ಳುತ್ತಾರೆ.