ಚೆಂಡೆಯ ಜೊತೆಗೆ ಸ್ಯಾಕ್ಸೊಫೋನ್

ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದಾಗ ಸಂಪ್ರದಾಯಪ್ರಿಯರು ಮುನಿದರು. ಚೆಂಡೆ-ಮದ್ದಳೆಗಳ ನಾದದಲ್ಲೇ ಬೆಳೆದ ಕಿವಿಗೆ ಅದು ಅಪಚಾರವೆನಿಸಿದ್ದು ಸಹಜವೇ. ಇರುಳಿಡೀ ನಡೆಯುವ ಆಟವನ್ನು ಅವರು ಕೆಲವೇ ತಾಸುಗಳಿಗೆ ಇಳಿಸಿದರು. ಮಾತುಗಾರಿಕೆಯನ್ನು ಬಿಟ್ಟು ಹಾಡು-ಕುಣಿತಗಳಿಂದಲೇ ಕಥೆ ನಡೆಯಿಸಿದರು. ಇದು ಬರಿಯ ಹೊಸತಿನ ಹುಚ್ಚೇ? ಅಲ್ಲ. ಈ ಪ್ರಯೋಗಗಳ ಹಿಂದೆ ಹಳೆಯ ಪ್ರಸಂಗ, ರಾಗ, ವೇಷಗಳ ದೀರ್ಘ ಶೋಧವಿದ್ದಿತು. ಅದರ ಫಲವಾದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು.

ಕುಂದಾಪುರ, ಬೈಂದೂರುಗಳ ಬಯಲುಗಳಲ್ಲಿ ಇಂದಿಗೂ ಮೊಳಗುವುದು ಚೆಂಡೆ-ಮದ್ದಳೆಗಳೇ. ಸ್ಯಾಕ್ಸೊಫೋನ್ ಅಲ್ಲಿ ಬೇರೂರಲಿಲ್ಲ. ಆದರೆ ಅದರ ನೆಪದಲ್ಲಿ ಎದ್ದ ಚರ್ಚೆಯಿಂದ, ತಮ್ಮ ಕಲೆಯಲ್ಲಿ ಬಿಡಬಾರದ್ದು ಯಾವುದೆಂದು ಜನ ಯೋಚಿಸುವಂತಾಯಿತು. ಸೋತ ಪ್ರಯೋಗವೊಂದರಿಂದ ಇಷ್ಟು ದೊರೆತರೆ ಸಾಲದೇ?