ಸೀಟಿ ಊದುವವರ ಪರವಾಗಿ

ಅಮೀನಗಡದ ಆಸುಪಾಸಿನ ಹಳ್ಳಿಗಳಲ್ಲಿ ಜಾತ್ರೆಯ ದಿನಗಳೆಂದರೆ ಕಬಡ್ಡಿಯ ದಿನಗಳೂ ಹೌದು. ತೇರು ಎಳೆದ ಮರುದಿನ ಶಾಲೆಯ ಬಯಲಿನಲ್ಲಿ ಕಂಬ ನೆಟ್ಟು, ದೀಪ ಕಟ್ಟಿ ಹೊನಲು ಬೆಳಕಿನ ಪಂದ್ಯಾವಳಿ ನಡೆಸುತ್ತಾರೆ. ಹೊಲದ ಕೆಲಸ ಮುಗಿಸಿ ಬಂದ ಯುವಕರು, ಕಾಲೇಜಿನ ಹುಡುಗರು ಒಂದೇ ಬಣ್ಣದ ಬನಿಯನ್ ತೊಟ್ಟು ಅಂಕಣಕ್ಕೆ ಇಳಿಯುತ್ತಾರೆ. ಅಂಥ ಒಂದು ಪಂದ್ಯದಲ್ಲಿ ನಾನು ನಡೆದುಕೊಂಡ ರೀತಿಯ ಬಗ್ಗೆ ನನಗೆ ನಾಚಿಕೆಯಿದೆ. ಈ ಲೇಖನಕ್ಕೆ ಅದೇ ಕಾರಣ.

ಅದು ಸೆಮಿಫೈನಲ್. ಕೊನೆಯ ನಿಮಿಷದವರೆಗೆ ಎರಡೂ ತಂಡಗಳ ಅಂಕ ಸಮನಾಗಿತ್ತು. ಎದುರಾಳಿ ದಾಳಿಗಾರ ನಮ್ಮ ಅಂಕಣದೊಳಗೆ ಬಂದು, ಬೋನಸ್ ಗೆರೆಯ ಆಚೆಗೆ ಒಂದು ಕಾಲು ಚಾಚಿ, ಯಾರ ಕೈಗೂ ಸಿಗದೆ ಹಿಂದಿರುಗಿದ. ರೆಫರಿ ಅವನಿಗೆ ಒಂದು ಅಂಕ ಕೊಟ್ಟರು. ಆ ಒಂದು ಅಂಕದಿಂದ ನಮ್ಮೂರ ತಂಡ ಸೋತಿತು. ಮುಂದಿನ ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು ಎಂಬುದು ನಿಯಮ. ಅವನ ಹಿಂದಿನ ಕಾಲು ನೆಲದಲ್ಲೇ ಇತ್ತು ಎಂದು ನಾವೆಲ್ಲ ಕೂಗಿದೆವು. ‘ಏ ಮಾಸ್ತರ, ಕಣ್ಣ ಕಾಣಸ್ತಾವಿಲ್ಲೇನು?’ ಎಂದು ಮೊದಲು ಕೂಗಿದವನು ನಾನೇ ಇರಬೇಕು. ಜನ ಅಂಕಣಕ್ಕೆ ನುಗ್ಗಿದರು. ಯಾರೋ ರೆಫರಿಯ ಅಂಗಿಯ ಕೊರಳಪಟ್ಟಿ ಹಿಡಿದರು. ಬೇರೆ ತಾಲ್ಲೂಕಿನ ಶಾಲೆಯೊಂದರ ದೈಹಿಕ ಶಿಕ್ಷಕರಾಗಿದ್ದ ಅವರು ತಿರುಗಿ ಮಾತಾಡಲಿಲ್ಲ. ಅಂಕಪಟ್ಟಿಗೆ ಸಹಿ ಹಾಕಿ, ಊಟವನ್ನೂ ಮಾಡದೆ, ಆ ನಡುರಾತ್ರಿಯಲ್ಲೇ ಮೋಟರ್‌ ಸೈಕಲ್ ಏರಿ ಹೊರಟುಹೋದರು.

ಮರುದಿನ ಆ ದಾಳಿಯ ಚಿತ್ರಣ ಒಬ್ಬ ಹುಡುಗನ ಮೊಬೈಲಿನಲ್ಲಿ ಸಿಕ್ಕಿತು. ನಮ್ಮದೇ ಸರಿ ಎಂದು ಸಾಧಿಸುವ ಹುಮ್ಮಸ್ಸಿನಲ್ಲಿ ಐದು ಸಲ ನೋಡಿದೆ. ಐದನೆಯ ಸಲವೂ ಏನೂ ಖಚಿತವಾಗಲಿಲ್ಲ. ಹಿಂದಿನ ಕಾಲನ್ನು ನಮ್ಮದೇ ಆಟಗಾರನೊಬ್ಬ ಮರೆಮಾಡಿದ್ದ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಬೋನಸ್ ಗೆರೆಯೇ ಇರಲಿಲ್ಲ. ಸಂಜೆ ಸುಣ್ಣದ ಪುಡಿಯಿಂದ ಎಳೆದಿದ್ದ ಗೆರೆ ನಾಲ್ಕಾರು ಪಂದ್ಯಗಳ ತುಳಿತಕ್ಕೆ ಸಿಕ್ಕಿ ಮಣ್ಣಿನಲ್ಲಿ ಮಾಯವಾಗಿತ್ತು. ಇಲ್ಲದ ಗೆರೆಯನ್ನು ದಾಳಿಗಾರ ದಾಟಿದನೇ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುವ ಕೆಲಸವನ್ನು ನಾವು ಒಬ್ಬ ಮನುಷ್ಯನಿಗೆ ಒಪ್ಪಿಸಿದ್ದೆವು. ಅವರು ಹೇಳಿದಾಗ ಕೊರಳಪಟ್ಟಿ ಹಿಡಿದೆವು.

ನಮ್ಮ ಕಡೆಯ ಹಳೆಯ ಆಟವಾದ ಕುಸ್ತಿಯಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಪೈಲವಾನನ ಬೆನ್ನಿಗೆ ಹತ್ತಿದ ಮಣ್ಣೇ ಅಲ್ಲಿ ಸಾಕ್ಷಿ. ಸುತ್ತ ಕುಳಿತ ಸಾವಿರ ಜನಕ್ಕೂ ಅದು ಕಾಣುತ್ತದೆ. ಕಬಡ್ಡಿ ಹಾಗಲ್ಲ. ಬೆರಳ ತುದಿ ತಾಗಿತೇ, ಉಸಿರು ಮುರಿಯಿತೇ, ಪಾದ ಗೆರೆ ದಾಟಿತೇ ಎಂಬುದು ಅತಿ ಹತ್ತಿರದಲ್ಲಿ ನಿಂತವರಿಗೆ ಮಾತ್ರ ತಿಳಿಯುವಂಥದ್ದು. ಆದ್ದರಿಂದಲೇ ಈ ಆಟದ ನಿಯಮಾವಳಿ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್ ಮತ್ತು ಇಬ್ಬರು ಸಹಾಯಕ ಸ್ಕೋರರ್ ಇರಬೇಕೆನ್ನುತ್ತದೆ. ಆ ರಾತ್ರಿ ನಮ್ಮ ಪಂದ್ಯದಲ್ಲಿ ಈ ಆರು ಜನರ ಹೊಣೆಯನ್ನು ಇಬ್ಬರು ಹೊತ್ತಿದ್ದರು.

ಕ್ಯಾಮೆರಾ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮನಾಗಿದ್ದವು. ಪವನ್ ಸೆಹ್ರಾವತ್ ಅವರ ಒಂದು ದಾಳಿಯ ನಂತರ, ಲಾಬಿಗೆ ಅನ್ವಯಿಸಬೇಕಾದುದು ಹಳೆಯ ನಿಯಮವೋ ಹೊಸದೋ ಎಂಬ ವಾದವೆದ್ದು ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಮ್ಯಾಟ್, ಮರುಪರಿಶೀಲನೆ, ಅಂತರರಾಷ್ಟ್ರೀಯ ಅಧಿಕಾರಿಗಳು ಎಲ್ಲ ಇದ್ದ ಕಡೆಯೇ ಗೊಂದಲ ಹೀಗಿರುವಾಗ ಮಣ್ಣಿನ ಅಂಕಣದ ಮೇಷ್ಟರಿಂದ ನಾವು ನಿರೀಕ್ಷಿಸುವುದಾದರೂ ಏನನ್ನು?

ಫುಟ್‌ಬಾಲ್‌ನ ಕಥೆಯೂ ಬೇರೆಯಲ್ಲ. ಅದೇ ವರ್ಷದ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಅದನ್ನು ಮಾನ್ಯ ಮಾಡಿದರು. ಬ್ಲಾಸ್ಟರ್ಸ್ ಕೋಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡರು. ಆ ಗೋಲಿನ ಬಗೆಗಿನ ಚರ್ಚೆ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಆದರೆ ಮೈದಾನ ಬಿಟ್ಟು ನಡೆದದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ವಿಧಿಸಿತು. ತೀರ್ಪು ಸರಿಯೋ ತಪ್ಪೋ ಎಂಬುದು ಒಂದು ಪ್ರಶ್ನೆ, ತೀರ್ಪನ್ನು ಹೇಗೆ ಪ್ರಶ್ನಿಸಬೇಕು ಎಂಬುದು ಮತ್ತೊಂದು. ದೊಡ್ಡ ಲೀಗ್‌ನಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸುವ ವ್ಯವಸ್ಥೆಯಿದೆ. ಹಳ್ಳಿಯ ಪಂದ್ಯಾವಳಿಯಲ್ಲಿ ಎರಡನ್ನೂ ತೀರ್ಮಾನಿಸುವುದು ಗುಂಪು.

ಹಾಗೆಂದು ರೆಫರಿಗಳೆಲ್ಲ ದೇವತೆಗಳಲ್ಲ. ಆತಿಥೇಯ ತಂಡ ಫೈನಲ್‌ಗೆ ಬರದಿದ್ದರೆ ಜನ ಸೇರುವುದಿಲ್ಲ ಎಂಬ ಲೆಕ್ಕಾಚಾರ, ವೇದಿಕೆಯ ಮೇಲಿನವರ ಸನ್ನೆ, ನೆಂಟಸ್ತಿಕೆ, ಜಾತಿ ಎಲ್ಲವೂ ಸೀಟಿಯ ಸದ್ದಿನೊಳಗೆ ನುಸುಳಬಲ್ಲವು. ವರ್ಷವಿಡೀ ಬೆವರು ಸುರಿಸಿದ ಹುಡುಗನೊಬ್ಬ ಇಂಥ ಅನ್ಯಾಯದಿಂದ ಸೋತರೆ ಅವನ ಸಂಕಟ ಸಣ್ಣದಲ್ಲ. ಆಯ್ಕೆಗಾರರ ಕಣ್ಣಿಗೆ ಬೀಳಲು ಅವನಿಗಿರುವುದು ಇಂಥ ಒಂದೆರಡು ರಾತ್ರಿಗಳೇ. ಆದರೆ ಪಕ್ಷಪಾತಕ್ಕೆ ಹೊಡೆತ ಮದ್ದಲ್ಲ. ಹೊಡೆತದ ಭಯವಿದ್ದಲ್ಲಿ ಪ್ರಾಮಾಣಿಕ ರೆಫರಿ ಮುಂದಿನ ವರ್ಷ ಬರುವುದಿಲ್ಲ. ಯಾರ ಬೆಂಬಲಿಗರು ಹೆಚ್ಚಿದ್ದಾರೆಂದು ನೋಡಿಕೊಂಡು ಸೀಟಿ ಊದುವವನು ಮಾತ್ರ ಬರುತ್ತಾನೆ. ನಾವು ಕೂಗಾಡಿ ಓಡಿಸುವುದು ಯಾರನ್ನು, ಉಳಿಸಿಕೊಳ್ಳುವುದು ಯಾರನ್ನು ಎಂಬುದನ್ನು ಯೋಚಿಸಬೇಕು.

ಪಂದ್ಯಾವಳಿಯ ಖರ್ಚಿನ ಪಟ್ಟಿಯನ್ನೊಮ್ಮೆ ನೋಡಿದರೆ ನಮ್ಮ ಆದ್ಯತೆಗಳು ತಿಳಿಯುತ್ತವೆ. ಆಳೆತ್ತರದ ಪಾರಿತೋಷಕ, ಧ್ವನಿವರ್ಧಕ, ಫ್ಲೆಕ್ಸ್, ಗಣ್ಯರಿಗೆ ಶಾಲು, ಹಾರ, ಜೊತೆಗೊಂದು ಅಮೀನಗಡದ ಕರದಂಟಿನ ಪೊಟ್ಟಣ. ರೆಫರಿಯ ಪಾಲಿಗೆ ಚಹಾ ಮತ್ತು ಪೆಟ್ರೋಲಿನ ಹಣ. ಅಮೀನಗಡದ ಕುರಿ ಸಂತೆಯಲ್ಲಿ ವ್ಯಾಪಾರ ಕುದುರಿಸಿದ ದಲ್ಲಾಳಿಗೂ ಅವನ ಪಾಲು ಸಿಗುತ್ತದೆ. ರಾತ್ರಿಯಿಡೀ ನಿಂತು ಎರಡು ಊರುಗಳ ಮಾನವನ್ನು ತೂಗುವವನಿಗೆ ಮಾತ್ರ ಕೂಲಿಯಿಲ್ಲ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಪಾರಿತೋಷಕದ ಎತ್ತರವನ್ನು ಒಂದಡಿ ತಗ್ಗಿಸಿದರೆ ರೆಫರಿ ಮತ್ತು ಅಂಪೈರ್‌ಗಳಿಗೆ ಗೌರವಧನ ಹೊಂದುತ್ತದೆ. ಅದನ್ನು ಪಂದ್ಯಕ್ಕೆ ಮೊದಲೇ ಕೊಡಬೇಕು. ಫಲಿತಾಂಶ ನೋಡಿ ಕೊಡುವ ಹಣ ಗೌರವಧನವಾಗದು. ಸ್ಪರ್ಧಿಸುವ ಊರುಗಳಿಗೆ ಸೇರದವರನ್ನೇ ಜಿಲ್ಲಾ ಸಂಸ್ಥೆಯ ಮೂಲಕ ಕರೆಸಬೇಕು. ಪ್ರತಿ ವಿರಾಮದಲ್ಲೂ ಗೆರೆಗಳಿಗೆ ಮತ್ತೆ ಸುಣ್ಣ ಬೀಳಬೇಕು. ರೆಫರಿಯೊಂದಿಗೆ ತಂಡದ ನಾಯಕ ಮಾತ್ರ ಮಾತಾಡಬೇಕು, ದೂರಿದ್ದರೆ ಬರಹದಲ್ಲಿ ಕೊಡಬೇಕು ಎಂದು ಮೊದಲೇ ಸಾರಬೇಕು. 2024ರ ಯೂರೊ ಫುಟ್‌ಬಾಲ್ ಟೂರ್ನಿಯಲ್ಲಿ ತೀರ್ಪಿನ ಬಗ್ಗೆ ರೆಫರಿಯ ಬಳಿ ಹೋಗಿ ವಿಚಾರಿಸುವ ಅವಕಾಶವನ್ನು ನಾಯಕರಿಗಷ್ಟೇ ಕೊಡಲಾಗಿತ್ತು. ಕೋಟ್ಯಧೀಶ ಆಟಗಾರರು ಪಾಲಿಸಬಲ್ಲ ಶಿಸ್ತನ್ನು ನಮ್ಮ ಹುಡುಗರೂ ಪಾಲಿಸಬಲ್ಲರು. ಕಷ್ಟವಿರುವುದು ಗೆರೆಯ ಹೊರಗೆ ನಿಂತ ನಮ್ಮಂಥ ಹಿರಿಯರದು.

ಆ ಮೇಷ್ಟರು ಆಮೇಲೆ ನಮ್ಮೂರಿಗೆ ಬಂದಿಲ್ಲ. ಕರೆದರೂ ಒಲ್ಲೆ ಅಂದರಂತೆ. ಅವರ ತೀರ್ಪು ಸರಿಯಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಕೂಗಿದ್ದು ತಪ್ಪು ಎಂಬುದು ಮಾತ್ರ ಗೊತ್ತು. ಮುಂದಿನ ಜಾತ್ರೆಗೆ ಹುಡುಗರು ವಂತಿಗೆ ಕೇಳಲು ಮನೆಗೆ ಬರುತ್ತಾರೆ. ಎಂದಿನಂತೆ ಕೊಡುತ್ತೇನೆ. ರಸೀದಿಯ ಮೇಲೆ ಮಾತ್ರ ‘ಸುಣ್ಣಕ್ಕೆ ಮತ್ತು ರೆಫರಿಗಳ ಗೌರವಧನಕ್ಕೆ’ ಎಂದು ಬರೆಸಿಕೊಳ್ಳಬೇಕೆಂದಿದ್ದೇನೆ.