ಬೀಗ ಯಾರ ರಕ್ಷಣೆಗೆ?

ಹೆಮ್ಮರಗಾಲದ ರೈತ ಟ್ರ್ಯಾಕ್ಟರಿಗೆ ಪೂರ್ತಿ ಹಣ ತೆರುತ್ತಾನೆ; ಅದರೊಳಗಿನ ತಂತ್ರಾಂಶದ ಬೀಗದ ಕೈ ಮಾತ್ರ ಕಂಪನಿಯ ಬಳಿಯೇ ಉಳಿಯುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿದೆ. ಇಂಥ ಎಂಜಿನ್ನುಗಳಲ್ಲಿ ಡೀಸೆಲ್ ಎಷ್ಟು ಚಿಮ್ಮಬೇಕೆಂಬುದನ್ನು ಸಾಮಾನ್ಯವಾಗಿ ಪುಟ್ಟ ಕಂಪ್ಯೂಟರೊಂದು ನಿರ್ಧರಿಸುತ್ತದೆ. ಅದು ಮುನಿದರೆ ನಂಜನಗೂಡಿನ ಮೆಕ್ಯಾನಿಕ್ಕಿನ ಸ್ಪ್ಯಾನರು ನಿರುಪಯೋಗಿ. ಕಬಿನಿ ಬಯಲಿನ ಭತ್ತವೇನೋ ಕಂಪನಿಯ ಎಂಜಿನಿಯರಿಗಾಗಿ ಕಾಯುವುದಿಲ್ಲ.

ತಂತ್ರಾಂಶ ತೆರೆದಿಟ್ಟರೆ ಹೊಗೆ ಹೆಚ್ಚುತ್ತದೆ, ಅಪಘಾತಗಳಾಗುತ್ತವೆ, ಹೊಣೆ ಹೊರುವವರಾರು ಎಂಬುದು ತಯಾರಕರ ವಾದ. ಪರಿಸರವಾದಿಗಳಿಗೂ ಒಪ್ಪಿಗೆಯಾಗಬಹುದಾದ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ 2015ರ ಜುಲೈನಲ್ಲಿ ವಾಹನ ತಂತ್ರಾಂಶದ ಬೀಗ ತೆಗೆಯಬಾರದೆಂದು ಅಲ್ಲಿನ ಕೃತಿಸ್ವಾಮ್ಯ ಕಚೇರಿಗೆ ಬರೆದಿತ್ತು. ಎರಡು ತಿಂಗಳಲ್ಲಿ, ಸೆಪ್ಟೆಂಬರ್ 18ರಂದು, ಅದೇ ಸಂಸ್ಥೆ ಫೋಕ್ಸ್‌ವ್ಯಾಗನ್ನಿನ ವಂಚನೆಯನ್ನು ಬಯಲುಮಾಡಬೇಕಾಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿದಾಗ ಮಾತ್ರ ಹೊಗೆ ತಗ್ಗಿಸಿ, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ಸಾರಜನಕದ ಆಕ್ಸೈಡುಗಳನ್ನು ಉಗುಳುವಂತೆ ಆ ತಂತ್ರಾಂಶವನ್ನು ಬರೆಯಲಾಗಿತ್ತು. ಬರೆದವರು ಹಳ್ಳಿಯ ಮೆಕ್ಯಾನಿಕ್ಕುಗಳಲ್ಲ! ಭಾರತದಲ್ಲಿಯೂ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಬಲವಂತದ ಕ್ರಮಕ್ಕೆ ಸುಪ್ರೀಂ ಕೋರ್ಟು ತಡೆ ನೀಡಿತು.

ಹಾಗೆಂದು ಮಾರ್ಪಾಡಿನ ಹಕ್ಕು ನಿರಂಕುಶವಲ್ಲ. ಹೊಗೆ ಶುದ್ಧಿಯ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸಿ ಶಕ್ತಿ ಹೆಚ್ಚಿಸಿಕೊಳ್ಳುವುದು ನೆರೆಯವರ ಉಸಿರಿನ ಮೇಲಿನ ಅತಿಕ್ರಮಣ. ಅದಕ್ಕೆ ಕಾನೂನಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಬಳಕೆದಾರನೇ ಮಾರ್ಪಡಿಸಿದ ವಸ್ತುವಿನಿಂದ ಹಾನಿಯಾದರೆ ಮಾರಾಟಗಾರನ ಮೇಲೆ ದಾವೆ ಹೂಡಲಾಗದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಮು ಹೇಳುತ್ತದೆ. ತಿದ್ದಿದವನ ತಪ್ಪನ್ನು ಕಂಪನಿ ಹೊರಬೇಕಾಗುತ್ತದೆಂಬ ಭಯಕ್ಕೆ ಇಲ್ಲಿ ಬಹುಮಟ್ಟಿನ ಉತ್ತರವಿದೆ. ಆದರೂ ಬೀಗ ಬಿಡಲೊಲ್ಲರು; ದುರಸ್ತಿಯ ಏಕಸ್ವಾಮ್ಯ ಲಾಭದ ಬಾಬತ್ತು ತಾನೆ?

ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅಂತರ್ಜಾಲ ತಾಣವನ್ನೂ ತೆರೆಯಿತು. ಅದರ ಪಟ್ಟಿಯಲ್ಲಿ ಕೃಷಿ ಯಂತ್ರಗಳೂ ಇವೆ. ತಾಣ ತೆರೆದರೆ ತಂತ್ರಾಂಶ ತೆರೆದಂತಾಗಲಿಲ್ಲ. ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ ಸಾರ್ವಜನಿಕ ಹಣದಿಂದ ಯಂತ್ರ ಕೊಳ್ಳುವಾಗಲಾದರೂ ದೋಷಸಂಕೇತಗಳ ಅರ್ಥ, ದುರಸ್ತಿ ಕೈಪಿಡಿ ಕನ್ನಡದಲ್ಲಿ ದೊರೆಯಬೇಕು. ತಂತ್ರಾಂಶವನ್ನು ಸ್ವತಂತ್ರ ಪರಿಣತರು ಪರೀಕ್ಷಿಸಲು ಅವಕಾಶವಿರಬೇಕು. ತಿದ್ದಿದ ಯಂತ್ರ ಹೊಗೆ ಮತ್ತು ಬ್ರೇಕಿನ ತಪಾಸಣೆಯಲ್ಲಿ ತೇರ್ಗಡೆಯಾದರೆ ಅದನ್ನು ಹೊಲಕ್ಕಿಳಿಸಲು ಅನುಮತಿ ಸಿಗಬೇಕು. ಈ ಷರತ್ತುಗಳಿಲ್ಲದ ಟೆಂಡರಿಗೆ ಗ್ರಾಮಸಭೆಗಳು ಈಗಲೇ ಆಕ್ಷೇಪ ದಾಖಲಿಸಬೇಕು.